ನೆರಳಿಗೆ ಕೈಯಿಲ್ಲ

ಜೆರೂಷಾ ಪಿಟ್‌ಮನ್ ಎಂಬ ಹುಡುಗಿಗೆ ಡಾಕ್ಟರಾಗಬೇಕಿತ್ತು. ಅದಕ್ಕೆ ಮೊದಲು ನೆರಳಾಗಬೇಕು ಎಂದು ಕಾಲೇಜು ಹೇಳಿತು.

ಹೇಳಿದವಳು ಮಿಸ್ ಹಾರ್ಗ್ರೋವ್. ಮೆಡಿಕಲ್, ಡೆಂಟಲ್, ಫಾರ್ಮಸಿ ಎಂದು ಹೊರಟ ಹುಡುಗ ಹುಡುಗಿಯರನ್ನು ತಿದ್ದಿ ತೀಡಿ ಕಳಿಸುವುದು ಆ ಕಾಲೇಜಿನಲ್ಲಿ ಅವಳ ಕೆಲಸ. ಅವಳ ಕೋಣೆಯ ಗೋಡೆ ತುಂಬ ಬಿಳಿ ಕೋಟು ತೊಟ್ಟು ನಗುವ ಹಳೆಯ ವಿದ್ಯಾರ್ಥಿಗಳ ಫೋಟೋಗಳು. ಒಂದು ಫೋಟೋದ ಮೂಲೆಯಲ್ಲಿ ಜೆರೂಷಾಳಂಥ ಕಪ್ಪು ಮುಖವೂ ಇತ್ತು. ಅವನು ಕುರ್ಚಿ ಜೋಡಿಸಲು ಬಂದವನು.

"ನಿನ್ನ ಮಾರ್ಕ್ಸು ತುಂಬಾ ಚೆನ್ನಾಗಿದೆ, ಡಿಯರ್. ಆದ್ರೆ ನೀನು ಯಾವ ಡಾಕ್ಟರಿಗೂ ನೆರಳು ನಿಂತಿಲ್ಲವಲ್ಲ?"

ನೆರಳು ನಿಲ್ಲುವುದೆಂದರೆ ಇಷ್ಟೆ. ಡಾಕ್ಟರರ ಬೆನ್ನ ಹಿಂದೆ ನಿಲ್ಲಬೇಕು. ನೋಡಬೇಕು. ಯಾರನ್ನೂ ಮುಟ್ಟಬಾರದು, ಮಾತಾಡಬಾರದು. ಹಾಗೆ ಸಾಕಷ್ಟು ಮಧ್ಯಾಹ್ನ ನಿಂತವರಿಗೆ ಮಾತ್ರ ಕಾಲೇಜಿನ ಸಮಿತಿ ಶಿಫಾರಸು ಪತ್ರ ಕೊಡುತ್ತದೆ. ಆ ಪತ್ರವಿಲ್ಲದೆ ಮೆಡಿಕಲ್ ಶಾಲೆಯ ಬಾಗಿಲು ತಟ್ಟಿದರೆ ಒಳಗಿನವರು ಮನೆಯಲ್ಲಿಲ್ಲ.

"ಮೇಡಂ, ನಾನು ಆರೈಕೆ ಮನೇಲಿ ಕೆಲಸ ಮಾಡ್ತೀನಿ. ಹೈಸ್ಕೂಲು ಮುಗಿದಾಗಿನಿಂದ. ಎದ್ದು ಓಡಾಡೋಕಾಗದ ಮುದುಕರನ್ನ ಎತ್ತಿ ಕೂರಿಸ್ತೀನಿ. ತೊಳೀತೀನಿ. ಉಣ್ಣಿಸ್ತೀನಿ. ಸತ್ತವರ ಕಣ್ಣು ಮುಚ್ಚಿದೀನಿ."

"ಅದು ಕೂಲಿ, ಡಿಯರ್. ಅದಕ್ಕೆ ಸಂಬಳ ಬರುತ್ತೆ. ನೀನು ಒಬ್ಬ ಡಾಕ್ಟರ ಬದುಕನ್ನ ಹತ್ತಿರದಿಂದ ನೋಡಿದ್ದೀಯಾ ಅನ್ನೋದು ನಮ್ಮ ಪ್ರಶ್ನೆ."

"ನೋಡಿದೀನಿ ಮೇಡಂ. ಗುರುವಾರ ಬರ್ತಾರೆ. ಬಾಗಿಲಲ್ಲಿ ನಿಲ್ತಾರೆ. ಹೋಗ್ತಾರೆ."

ಮಿಸ್ ಹಾರ್ಗ್ರೋವ್ ನಕ್ಕಳು. ಅವಳು ಕೆಟ್ಟವಳಲ್ಲ. ಪ್ರತಿ ಕ್ರಿಸ್‌ಮಸ್ಸಿಗೆ ತಾನೇ ಬಿಸ್ಕತ್ತು ಬೇಯಿಸಿ ಎಲ್ಲರಿಗೂ ಹಂಚುವವಳು. ಅವಳ ಕಣ್ಣು ಮೇಜಿನ ಮೇಲಿದ್ದ ಜೆರೂಷಾಳ ಕೈಗೆ ಬಿತ್ತು. ಬ್ಲೀಚು ನೀರಿಗೆ ಬಿರಿದ ಕೈ. ಬೆರಳ ಗಂಟುಗಳಲ್ಲಿ ಬೂದು ಬಣ್ಣ.

"ಇಂಟರ್‌ವ್ಯೂನಲ್ಲಿ ಕೈ ಮೇಜಿನ ಮೇಲೆ ಇಡಬೇಡ. ಮಡಿಲಲ್ಲಿ ಇಟ್ಕೋ. ಕ್ರೀಮು ಗೀಮು ಹಚ್ಚು. ಆಮೇಲೆ, ಬೇಜಾರು ಮಾಡ್ಕೋಬೇಡ, ಸುಮ್ನೆ ಕೇಳ್ತಿದೀನಿ. ನಿನಗೆ ಇನ್ನೂ ಸುಲಭವಾಗಿ ಎಟುಕೋ ದಾರಿ ಯೋಚಿಸಿದ್ದೀಯಾ? ಈ ಆಯಾ ಕೆಲಸದಲ್ಲೇ ಮೇಲಿನ ಸರ್ಟಿಫಿಕೇಟು ಇದೆ. ಎಂಥ ಪವಿತ್ರ ಸೇವೆ ಅದು!"

ತನ್ನ ಮಕ್ಕಳಿಗೆ ಬೇಡವಾದ ಕೆಲಸವನ್ನು ಪವಿತ್ರ ಎಂದು ಕರೆಯುವುದು ಆ ಕೋಣೆಯ ಮರ್ಯಾದೆ. ಜೆರೂಷಾ ಕೈಯನ್ನು ಮಡಿಲಿಗೆ ಇಳಿಸಿದಳು. ಹೊರಗೆ ಬಂದ ಮೇಲೆ ತಾನೇಕೆ ಇಳಿಸಿದೆ ಎಂದು ತನ್ನ ಮೇಲೆ ಸಿಟ್ಟು ಬಂತು.

ನದಿಯ ಏರಿಯ ಈಚೆಗಿನ ಆ ಊರಲ್ಲಿ ಡಾಕ್ಟರುಗಳು ಕಡಿಮೆ. ಅವರ ಬೆನ್ನುಗಳಿಗಂತೂ ಬರ. ಒಬ್ಬರ ಬೆನ್ನ ಹಿಂದೆ ಆಗಲೇ ಅವರ ಸೋದರಳಿಯ ನಿಂತಿದ್ದ. ಇನ್ನೊಬ್ಬರ ಬೆನ್ನನ್ನು ಬ್ಯಾಂಕಿನವರು ಮಗಳಿಗಾಗಿ ಹೋದ ವರ್ಷವೇ ಹೇಳಿಟ್ಟಿದ್ದರು. ಹಲ್ಲಿನ ಡಾಕ್ಟರ ಹಿಂದೆ ಗಾಲ್ಫ್ ಗೆಳೆಯರ ಮಕ್ಕಳು ಸಾಲುಗಟ್ಟಿದ್ದರು; ಸಂಜೆಯ ಸೂರ್ಯನಿಗೂ ಅಷ್ಟು ನೆರಳಿರಲಿಕ್ಕಿಲ್ಲ. ಜೆರೂಷಾ ಫೋನು ಮಾಡಿದಲ್ಲೆಲ್ಲ ಒಂದೇ ಮಾತು: "ಜಾಗ ಇಲ್ಲಮ್ಮ."

ಅಜ್ಜಿ ಯೂಲಾ ಜಗಲಿಯಲ್ಲಿ ಕೂತು ಅವರೆಯಂಥ ಕಾಳು ಬಿಡಿಸುತ್ತಿದ್ದಳು. ತಾಯಿ ಸತ್ತ ಮೇಲೆ ಜೆರೂಷಾಳನ್ನು ಸಾಕಿದವಳು ಅವಳೇ. ಮೌಂಟ್ ಪಿಸ್ಗಾ ಚರ್ಚಿನ ಬಾಗಿಲ ಸೇವೆಗೆ ಅವಳೇ ಯಜಮಾನಿ. ಬಿಳಿ ಉಡುಪು ತೊಟ್ಟು ಬಾಗಿಲಲ್ಲಿ ನಿಂತು ಬಂದವರನ್ನು ಒಳಗೆ ಕೂರಿಸುವ ಆ ಸೇವೆಯಲ್ಲಿ ಜೆರೂಷಾಳೂ ನಿಲ್ಲುತ್ತಾಳೆ.

"ಅಲ್ಲ ಕಣೇ, ಡಾಕ್ಟರ ಹಿಂದೆ ನಿಲ್ಲೋಕೆ ಇಷ್ಟೊಂದು ಒದ್ದಾಟವಾ? ನಮ್ಮ ಚರ್ಚಿನ ಪಾಸ್ಟರೂ ಡಾಕ್ಟರೇ ತಾನೇ? ಬೋರ್ಡಲ್ಲೇ ಬರೆದೈತಲ್ಲ."

"ಅದು ದೇವರ ಶಾಸ್ತ್ರದ ಡಾಕ್ಟರು, ಅಜ್ಜಿ. ಆ ಪದವೀನೂ ದುಡ್ಡು ಕಟ್ಟಿ ಅಂಚೇಲಿ ತರಿಸಿದ್ದು."

"ಅಂಚೇಲಿ ಬಂದ್ರೇನು? ಕಾಯಿಲೆಯವರ ಮನೆಗೆ ಹೋಗಲ್ವಾ? ಕೈ ಇಟ್ಟು ಪ್ರಾರ್ಥನೆ ಮಾಡಲ್ವಾ? ನಿಮ್ಮ ಗುರುವಾರದವನು ಕೈ ಇಡ್ತಾನೇನು?"

ಜೆರೂಷಾ ಒಂದು ಶನಿವಾರ ಪಾಸ್ಟರ ಹಿಂದೆ ಹೋಗಿ ನಿಂತೂ ನೋಡಿದಳು. ಮನೆಮನೆಯಲ್ಲೂ ಹುರಿದ ಕೋಳಿ ಇಟ್ಟರು. ಒಬ್ಬ ಮುದುಕಿ ಕಾಯಿಲೆ ಮರೆತು ಎದ್ದು ಬಂದು ಎರಡನೆಯ ತುಂಡು ಬಡಿಸಿದಳು. ಮಿಸ್ ಹಾರ್ಗ್ರೋವ್ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಗುರುವಾರ ಬಂತು. ಆರೈಕೆ ಮನೆಗೆ ಡಾಕ್ಟರ್ ಪೆಂಡರ್‌ಗ್ರಾಸ್ ಬಂದರು. ಅವರ ಬೆನ್ನ ಹಿಂದೆ ಒಂದು ಹೊಸ ನೆರಳು.

ನೆರಳಿನ ಹೆಸರು ಹಾಲಿಸ್. ಬಿಳಿಯ ಹುಡುಗ, ಎತ್ತರದವನು, ಸಂಕೋಚದವನು. ಎದೆಯ ಮೇಲೆ ಹೆಸರು ಕಸೂತಿ ಹಾಕಿಸಿ ಅವನಮ್ಮ ಹೊಲಿಸಿಕೊಟ್ಟ ಬಿಳಿ ಕೋಟು. ಕೋಟಿನ ಮಡಿಕೆ ಇನ್ನೂ ಬಿಚ್ಚಿಕೊಂಡಿರಲಿಲ್ಲ.

ಡೀಕನ್ ಬ್ಲೆಡ್ಸೋ ಅವರ ಕೋಣೆ ಮೊದಲನೆಯದು. ಡೀಕನ್ ಎಂದರೆ ಮೌಂಟ್ ಪಿಸ್ಗಾ ಚರ್ಚಿನ ಹಿರಿಯ. ದೊಡ್ಡ ಆಳು. ಒಂದು ಕಾಲಕ್ಕೆ ಹತ್ತಿಯ ಮೂಟೆ ಹೊತ್ತ ಭುಜ. ಈಗ ಸೊಂಟದ ಕೆಳಗೆ ಸತ್ತಿದೆ. ನಾಲಿಗೆ ಮಾತ್ರ ಇನ್ನೂ ಓಡಾಡಿಕೊಂಡಿದೆ.

ಡಾಕ್ಟರು ಬಾಗಿಲಲ್ಲಿ ನಿಂತರು. "ಏನು ಡೀಕನ್, ಹೇಗಿದ್ದೀವಿ ಇವತ್ತು?"

"ನಾನು ಚೆನ್ನಾಗಿಲ್ಲ ಡಾಕ್ಟ್ರೇ. ನೀವು ಹೇಗಿದ್ದೀರೋ ಅಷ್ಟು ದೂರದಿಂದ ಕಾಣ್ತಿಲ್ಲ."

"ಹುಡುಗೀ, ಅವರನ್ನ ಮಗ್ಗುಲಿಗೆ ತಿರುಗಿಸು. ಬೆನ್ನ ಹುಣ್ಣು ನೋಡಲಿ ಈ ಯಂಗ್‌ಮ್ಯಾನ್."

ಜೆರೂಷಾ ಮೊಣಕಾಲನ್ನು ಮಂಚಕ್ಕೆ ಒತ್ತಿದಳು. ಒಂದು ಕೈ ಭುಜದ ಕೆಳಗೆ, ಒಂದು ಸೊಂಟದ ಕೆಳಗೆ. ಉಸಿರು ಹಿಡಿದಳು. ಎತ್ತಿದಳು. ಅವಳ ನಡು ಚುಳ್ಳೆಂದಿತು. ಅದು ದಿನವೂ ಎನ್ನುತ್ತದೆ. ಡೀಕನ್ ತಿರುಗಿದರು. ಅವಳು ಒದ್ದೆ ಬಟ್ಟೆ ಎಳೆದಳು, ಒರೆಸಿದಳು, ಮುಲಾಮು ಹಚ್ಚಿದಳು. ಬಾಗಿಲಲ್ಲಿ ಡಾಕ್ಟರು ಹುಣ್ಣಿಗೆ ಏನೋ ಲ್ಯಾಟಿನ್ ಹೆಸರು ಹೇಳಿದರು. ನೆರಳು ಬರೆದುಕೊಂಡಿತು.

ಇದು ಲೆಕ್ಕಕ್ಕೆ ಬರುತ್ತದೆ. ಎತ್ತಿದ್ದಲ್ಲ, ಎತ್ತಿದ್ದನ್ನು ನೋಡಿದ್ದು.

ಮೊಗಸಾಲೆಯಲ್ಲಿ ಹಾಲಿಸ್ ಹಿಂದೆ ಉಳಿದು ಪಿಸುಗುಟ್ಟಿದ. "ನೀವು ತುಂಬ ಚೆನ್ನಾಗಿ ಮಾಡ್ತೀರ. ನೀವೂ ಕಾಲೇಜಿಗೆ ಸೇರ್ಬಹುದಿತ್ತು."

"ಸೇರಿದೀನಿ. ಕೆಮಿಸ್ಟ್ರೀಲಿ ನಿನ್ನ ಹಿಂದಿನ ಬೆಂಚು."

"ಹೌದಾ? ಯಾವಾಗಿನಿಂದ?"

"ಹೋದ ವರ್ಷದಿಂದ. ನಿನಗೆ ಪೆನ್ನು ಕೊಟ್ಟಿದ್ದೆ. ವಾಪಸ್ ಬಂದಿಲ್ಲ."

ಹಾಲಿಸ್ ಕೆಂಪಗಾದ. ಜೇಬು ತಡಕಿದ. ಡಾಕ್ಟರ ಲ್ಯಾಟಿನ್ನನ್ನು ಬರೆದುಕೊಂಡಿದ್ದು ಅದೇ ಪೆನ್ನಿನಲ್ಲಿ.

ಜೆರೂಷಾ ನೆಟ್ಟಗೆ ಡಾಕ್ಟರ ಮುಂದೆ ಹೋಗಿ ನಿಂತಳು. "ಸರ್, ನಾನೂ ನಿಮಗೆ ನೆರಳು ನಿಲ್ಬೇಕು."

"ನೀನು ಇಡೀ ದಿನ ಇಲ್ಲೇ ಇರ್ತೀಯಲ್ಲ?"

"ಅದು ಲೆಕ್ಕಕ್ಕಿಲ್ಲವಂತೆ ಸರ್. ಮುಂದಿನ ಗುರುವಾರ ರಜಾ ಹಾಕಿ ಬರ್ತೀನಿ."

ಡಾಕ್ಟರಿಗೆ ತಮಾಷೆ ಎನಿಸಿತು. ನಗುತ್ತಲೇ ಕಾರಿನ ಕೀಲಿ ಹುಡುಕಿದರು. "ಬಾ, ಬಾ. ನಿಲ್ಲೋದಕ್ಕೇನು. ನಿಯಮ ಗೊತ್ತಲ್ಲ? ಮುಟ್ಟಬಾರದು, ಮಾತಾಡಬಾರದು."

"ಗೊತ್ತು ಸರ್."

ರಜಾ ಹಾಕಿದ್ದಕ್ಕೆ ಆರೈಕೆ ಮನೆಯವರು ಬದಲಿ ಕೊಡುವುದಿಲ್ಲ. ಇದು ಜೆರೂಷಾಳಿಗೆ ಗೊತ್ತಿತ್ತು. ತಾನು ಸುಮ್ಮನೆ ನಿಂತರೆ ಡೀಕನರನ್ನು ಎತ್ತುವವರು ಯಾರು? ಮೊಣಕಾಲೂರಿ ದೇವರನ್ನು ಕೇಳಿದಳು. ದೇವರು ಆಲೋಚಿಸುತ್ತಿದ್ದ. ಅಜ್ಜಿಯನ್ನು ಕೇಳಿದಳು.

"ಅಜ್ಜೀ, ಸುಮ್ನೆ ನಿಂತರೆ ಪಾಪವಾ?"

"ಬಾಗಿಲ ಸೇವೇಲಿ ಮೂರು ಗಂಟೆ ಸುಮ್ನೆ ನಿಲ್ತೀಯ. ಪಾಪವಾ?"

"ಅದು ದೇವರ ಮನೆ."

"ದೇವರು ಅಲ್ಲೊಂದೇ ಕಡೆ ಬಾಡಿಗೆಗೆ ಇದ್ದಾನೇನು? ಹೋಗಿ ಡೀಕನ್ನ ಕೇಳು. ಬೆನ್ನು ಅವನದು."

ಮಾರನೆಯ ದಿನ ಡೀಕನರ ಪಾದ ತೊಳೆಯುತ್ತ ಕೇಳಿದಳು. ಡೀಕನ್ ಚಾವಣಿ ನೋಡಿದರು. ಆಮೇಲೆ ಅವರ ಹೊಟ್ಟೆ ಅಲುಗಿತು. ನಗುತ್ತಿದ್ದರು.

"ಮಗಾ, ನಾನು ಆ ಡಾಕ್ಟರನ್ನ ಎಷ್ಟೋ ಗುರುವಾರದಿಂದ ನೋಡ್ತಿದೀನಿ. ಅವನಿಗೆ ಕೈ ಇದೆಯೋ ಇಲ್ಲವೋ ನಂಗೊತ್ತಿಲ್ಲ. ಯಾವಾಗ್ಲೂ ಜೇಬಲ್ಲೇ. ನೀನು ನಿಂತ್ಕೋ. ಅವತ್ತು ಬೆಳಿಗ್ಗೆ ತೊಳೆದು ಒರೆಸಿ ಹೋಗು. ಮಧ್ಯಾಹ್ನದ್ದು ನನಗೆ ಬಿಡು."

"ನಿಮಗೆ ನೋವಾದ್ರೆ?"

"ನೋವಾದ್ರೆ ಸನ್ನೆ ಮಾಡ್ತೀನಿ. ಅಲ್ಲೀವರೆಗೂ ನಿನ್ನ ಜಾಗ ಬಿಡಬೇಡ. ನಿಮ್ಮಜ್ಜಿ ಮೇಲೆ ಆಣೆ."

ಗುರುವಾರ ಮಧ್ಯಾಹ್ನ ಜೆರೂಷಾ ಆರೈಕೆ ಮನೆಯ ಮುಂಬಾಗಿಲಿನಿಂದ ಒಳಬಂದಳು. ದಿನವೂ ಹಿಂಬಾಗಿಲು. ಅವಳ ಬಳಿ ಬಿಳಿ ಕೋಟಿರಲಿಲ್ಲ. ಅಜ್ಜಿ ಬಾಗಿಲ ಸೇವೆಯ ಉಡುಪನ್ನು ಗಂಜಿ ಹಾಕಿ ಇಸ್ತ್ರಿ ಮಾಡಿ ತೊಡಿಸಿದ್ದಳು. ಬಿಳಿ ಉಡುಪು, ಬಿಳಿ ಷೂ, ಬಿಳಿ ಕೈಗವಸು. ಎಡಗೈ ಮುಷ್ಟಿ ಕಟ್ಟಿ ಬೆನ್ನ ಹಿಂದೆ. ನಡು ನೆಟ್ಟಗೆ. ಮೌಂಟ್ ಪಿಸ್ಗಾದಲ್ಲಿ ಹೀಗೆ ನಿಂತ ಹೆಣ್ಣಿನ ಪಕ್ಕ ಮಕ್ಕಳು ಅಳುವುದನ್ನು ನಿಲ್ಲಿಸುತ್ತವೆ.

ಡಾಕ್ಟರು ಬಂದು ಎರಡು ನೆರಳುಗಳನ್ನೂ ನೋಡಿದರು. "ಯಾರದಾದ್ರೂ ಮದುವೆಯಾ?"

ನೆರಳು ಮಾತಾಡಲಿಲ್ಲ.

ಡೀಕನರ ಕೋಣೆ. ಬಾಗಿಲು. "ಏನು ಡೀಕನ್, ಹೇಗಿದ್ದೀವಿ? ಹುಡುಗೀ, ತಿರುಗಿಸು."

ಯಾರೂ ಅಲುಗಲಿಲ್ಲ.

"ಹುಡುಗೀ."

"ಸರ್, ನಾನಿವತ್ತು ನೆರಳು. ಮುಟ್ಟೋ ಹಾಗಿಲ್ಲ." ಅಷ್ಟು ಹೇಳಿ ಜೆರೂಷಾ ಬಾಯಿ ಮುಚ್ಚಿದಳು.

ಡಾಕ್ಟರು ಮೇಲ್ವಿಚಾರಕಿಯನ್ನು ಕೂಗಿದರು. ಅವಳು ಹೇಳಿದ್ದು ಇಷ್ಟು: ಇನ್ನೊಬ್ಬಳು ಆಯಾ ಆಚೆ ಸಾಲಿನಲ್ಲಿ ಒಬ್ಬ ಮುದುಕಿಗೆ ಗಂಜಿ ಕುಡಿಸುತ್ತಿದ್ದಾಳೆ. ನಡುವೆ ಬಿಟ್ಟು ಬಂದರೆ ಗಂಟಲಿಗೆ ಸಿಕ್ಕೀತು. ಈ ಸಾಲಿನವಳು ರಜಾದಲ್ಲಿದ್ದಾಳೆ. "ಎಲ್ಲಿ ರಜಾದಲ್ಲಿ? ಇಲ್ಲೇ ಇದಾಳಲ್ಲ!" ಎಂದರು ಡಾಕ್ಟರು. "ಇಲ್ಲ ಸರ್, ಇವಳು ರಜಾದಲ್ಲಿ ಇಲ್ಲಿದಾಳೆ," ಎಂದು ಮೇಲ್ವಿಚಾರಕಿ ಜಾರಿಕೊಂಡಳು.

"ಹಾಲಿಸ್, ಒಂದು ಕೈ ಹಾಕು."

ಹಾಲಿಸ್ ಬರೆದುಕೊಳ್ಳುವ ಪುಸ್ತಕವನ್ನು ಎದೆಗೆ ಒತ್ತಿಕೊಂಡ. "ಸರ್, ನಾನೂ ನೆರಳೇ."

ಮಂಚದಿಂದ ಡೀಕನ್ ಹೇಳಿದರು: "ಎರಡು ನೆರಳು, ಒಬ್ಬ ಮನುಷ್ಯ. ಬಾಪ್ಪ ಒಳಗೆ. ನಾನೇನು ಕಚ್ಚಲ್ಲ. ಹಲ್ಲು ಲೋಟದಲ್ಲಿದೆ."

ಡಾಕ್ಟರು ಒಳಗೆ ಬಂದರು. ವಾಚು ಬಿಚ್ಚಿದರು. ಎಲ್ಲಿಡುವುದೆಂದು ತಿಳಿಯದೆ ಮತ್ತೆ ಕಟ್ಟಿಕೊಂಡರು. ಎರಡೂ ಕೈಯನ್ನು ಡೀಕನರ ಭುಜದ ಕೆಳಗೆ ತೂರಿಸಿ ಎಳೆದರು. ಡೀಕನ್ ಬರಲಿಲ್ಲ. ಹಾಸಿಗೆಯ ಬಟ್ಟೆ ಬಂತು.

"ಸೊಂಟಾನೂ ನಂದೇ ಕಣಪ್ಪ," ಎಂದರು ಡೀಕನ್. "ಅದನ್ನೂ ಜೊತೆಗೆ ಕರ್ಕೋ."

ಡಾಕ್ಟರು ಇನ್ನೊಮ್ಮೆ ಎಳೆದರು. ಡೀಕನ್ ಅರ್ಧ ತಿರುಗಿದರು, ಮತ್ತೆ ಉರುಳಿದರು. ಡಾಕ್ಟರ ಟೈ ಅವರ ಕೆಳಗೆ ಸಿಕ್ಕಿತು. ಡಾಕ್ಟರು ಟೈಯ ಹಿಂದೆ ಹೋದರು. ಈಗ ಇಬ್ಬರ ಮುಖವೂ ಒಂದೇ ದಿಂಬಿನ ಮೇಲಿತ್ತು.

"ಮಲ್ಕೋ ಮಗಾ," ಎಂದರು ಡೀಕನ್. "ಜಾಗ ಇದೆ."

ಹೊರಗೆ ಗಾಲಿಕುರ್ಚಿಗಳು ಬಂದು ಸೇರಿದ್ದವು. ಶವಸಂಸ್ಕಾರದ ಅಂಗಡಿಯವರು ಜಾಹೀರಾತಿಗೆ ಪುಕ್ಕಟೆ ಹಂಚಿದ ಬೀಸಣಿಗೆಗಳಿಂದ ಗಾಳಿ ಹಾಕಿಕೊಳ್ಳುತ್ತ ಮುದುಕಿಯರು ಇಣುಕಿದರು. ಒಬ್ಬಾಕೆ "ಆಮೆನ್" ಎಂದಳು.

ಆಗ ಡೀಕನರ ಹುಬ್ಬು ಗಂಟಾಯಿತು. ಟೈ ಎಳೆದ ರಭಸಕ್ಕೆ ಭುಜ ಹೊರಳಿತ್ತು. ಜೆರೂಷಾಳ ಮುಷ್ಟಿ ಬೆನ್ನ ಹಿಂದೆ ತಾನಾಗಿ ಬಿಚ್ಚಿತು. ಅವಳ ಮೊಣಕಾಲಿಗೆ ಮಂಚದ ಅಂಚು ಗೊತ್ತು. ತೋಳಿಗೆ ಆ ಭಾರ ಗೊತ್ತು. ಒಂದು ಹೆಜ್ಜೆ ಸಾಕು. ಇಡೀ ಮೈ ಆ ಹೆಜ್ಜೆಗೆ ಬಾಗಿತು. ಡೀಕನ್ ಅವಳನ್ನು ನೋಡಿದರು. ಬಲಗೈಯ ಎರಡು ಬೆರಳನ್ನು ಎದೆಗೆ ಒತ್ತಿ ಕೆಳಗಿಳಿಸಿದರು. ಬಾಗಿಲ ಸೇವೆಯವರು ತುಂಬಿದ ಚರ್ಚಿನ ಒಂದು ಕೊನೆಯಿಂದ ಇನ್ನೊಂದಕ್ಕೆ ಮಾಡುವ ಸನ್ನೆ ಅದು. ನಿನ್ನ ಜಾಗ ಬಿಡಬೇಡ.

ಜೆರೂಷಾ ಮತ್ತೆ ಮುಷ್ಟಿ ಕಟ್ಟಿದಳು. ಅವಳು ಇಷ್ಟು ವರ್ಷ ಎತ್ತಿದ ಭಾರಗಳಲ್ಲಿ ಅದೇ ಹೆಚ್ಚಿನದು. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ.

ಪುಸ್ತಕ ನೆಲಕ್ಕೆ ಬಿದ್ದ ಸದ್ದಾಯಿತು. ಹಾಲಿಸ್ ಓಡಿಹೋಗಿ ಡೀಕನರ ಸೊಂಟ ಹಿಡಿದ. "ಸರ್, ನೀವು ಭುಜ!" ಇಬ್ಬರೂ ಸೇರಿ ತಿಣುಕಿ ತಿರುಗಿಸಿದರು. ಡೀಕನ್ ಮಗ್ಗುಲಾದರು. ಡಾಕ್ಟರ ಅಂಗಿಯ ತೋಳು ಒದ್ದೆ. ಹಾಲಿಸನ ಕಸೂತಿಯ ಮೇಲೆ ಮುಲಾಮು. ಬಾಗಿಲಲ್ಲಿ ಬೀಸಣಿಗೆಗಳು ಚಪ್ಪಾಳೆಯಾದವು.

ಡೀಕನ್ ಗೋಡೆಗೆ ಮುಖ ಮಾಡಿ ಹೇಳಿದರು: "ಇವತ್ತು ಡಾಕ್ಟರ ಕೈ ನೋಡ್ದೆ. ಇದೆ. ಆದ್ರೆ ತಣ್ಣಗಿದೆ."

ಮರುವಾರ ಜೆರೂಷಾಳನ್ನು ಸಮಿತಿಯ ಮುಂದೆ ಕರೆದರು. ಅಭ್ಯಾಸದ ಇಂಟರ್‌ವ್ಯೂ ಎಂದು ಹೆಸರು, ಒಳಗಿದ್ದದ್ದು ಡಾಕ್ಟರ ದೂರು. ಮಿಸ್ ಹಾರ್ಗ್ರೋವ್, ಕೆಮಿಸ್ಟ್ರಿಯ ಮುದಿ ಪ್ರೊಫೆಸರ್ ಲಿಂಡ್‌ಕ್ವಿಸ್ಟ್, ಮತ್ತು ಸಮಿತಿಯ ಗೌರವ ಸದಸ್ಯರಾದ ಡಾಕ್ಟರ್ ಪೆಂಡರ್‌ಗ್ರಾಸ್. ಡಾಕ್ಟರು ನಡುವಿಗೆ ಪಟ್ಟಿ ಬಿಗಿದು ಎರಡು ದಿಂಬಿನ ಮೇಲೆ ಕೂತಿದ್ದರು. ಹಾಲಿಸನ ಸರದಿಯೂ ಅದೇ ದಿನ. ಅವನು ಗೋಡೆಗೆ ಅಂಟಿ ನಿಂತಿದ್ದ.

"ಡಿಯರ್," ಎಂದಳು ಮಿಸ್ ಹಾರ್ಗ್ರೋವ್, "ಡಾಕ್ಟರ ಹತ್ತಿರ ಕ್ಷಮೆ ಕೇಳಿಬಿಡು. ಇಲ್ಲಿಗೇ ಮುಗಿಸೋಣ."

"ಕೇಳಲ್ಲ ಮೇಡಂ."

"ನೋಡಿ, ನೋಡಿ ಸೊಕ್ಕು!" ಡಾಕ್ಟರು ಎದ್ದರು, ನಡು ಒಪ್ಪಲಿಲ್ಲ, ಕೂತರು. "ನಾನು ಒದ್ದಾಡ್ತಿದೀನಿ, ಇವಳು ನನ್ನ ಬೆನ್ನ ಹಿಂದೆ ಕಂಬದ ಹಾಗೆ ನಿಂತಿದಾಳೆ!"

ಪ್ರೊಫೆಸರ್ ಲಿಂಡ್‌ಕ್ವಿಸ್ಟ್ ಅಲ್ಲಿಯವರೆಗೆ ತೂಕಡಿಸುತ್ತಿದ್ದರು. ಲ್ಯಾಬಿನಲ್ಲಿ ಒಂದು ಹನಿ ಹೆಚ್ಚಾದರೂ ಬಿಡದ ಮನುಷ್ಯ. ಕನ್ನಡಕ ಏರಿಸಿದರು. "ಬೆನ್ನ ಹಿಂದೆ ಅಂದ್ರಿ. ಎಷ್ಟು ಹೊತ್ತು?"

"ಶುರುವಿನಿಂದ ಕೊನೇವರೆಗೂ!"

"ರೋಗಿಯನ್ನ ಮುಟ್ಟಿದಳಾ?"

"ಬೆರಳು ಕೂಡ ತಾಗಿಸ್ಲಿಲ್ಲ!"

"ಮಾತು?"

"ನಾನು ನೆರಳು ಅಂದ್ಲು. ಆಮೇಲೆ ತುಟಿ ಬಿಚ್ಚಿದ್ರೆ ಕೇಳಿ! ಅಳ್ತಾ ನಿಂತಿದ್ಲು, ಕಣ್ಣೀರೂ ಒರೆಸ್ಕೊಳ್ಲಿಲ್ಲ!"

ಪ್ರೊಫೆಸರರು ತಲೆಯಾಡಿಸಿದರು. "ನಾನು ಈ ಸಮಿತಿಗೆ ಬಂದ ಮೇಲೆ ಇಷ್ಟು ಶುದ್ಧವಾದ ನೆರಳನ್ನ ಕೇಳಿಲ್ಲ. ಆ ಮಧ್ಯಾಹ್ನ ಪೂರ್ತಿ ಲೆಕ್ಕಕ್ಕೆ. ಬರ್ಕೊಳ್ಳಿ ಮಿಸ್ ಹಾರ್ಗ್ರೋವ್." ಆಮೇಲೆ ಹಾಲಿಸನ ಕಡೆ ತಿರುಗಿದರು. "ನೀನು?"

"ಸೊಂಟ ಹಿಡಿದೆ ಸರ್."

"ಮುಟ್ಟಿದೆ."

"ಹೌದು ಸರ್."

"ಹಾಗಾದ್ರೆ ಇವನದು ಹೊಡೆದು ಹಾಕಿ, ಮಿಸ್ ಹಾರ್ಗ್ರೋವ್."

ಮಿಸ್ ಹಾರ್ಗ್ರೋವಳ ಪೆನ್ನು ಗಾಳಿಯಲ್ಲೇ ನಿಂತಿತು. ಜೆರೂಷಾ ಮಡಿಲಲ್ಲಿದ್ದ ಕೈಗಳನ್ನು ತೆಗೆದಳು. ಮೇಜಿನ ಮೇಲಿಟ್ಟಳು. ಕ್ರೀಮು ಹಚ್ಚಿರಲಿಲ್ಲ. ಎಲ್ಲರಿಗೂ ಕಾಣುವಂತೆ ಬೆರಳು ಬಿಡಿಸಿದಳು.

"ಮೇಡಂ, ಈ ಕೈ ಮಾಡಿದ್ದು ಲೆಕ್ಕಕ್ಕಿಲ್ಲ ಅಂದ್ರಿ. ಮಾಡದೆ ಇದ್ದದ್ದನ್ನ ಇವತ್ತು ಲೆಕ್ಕಕ್ಕೆ ತಗೊಂಡ್ರಿ. ಆಗಲಿ. ಇನ್ನೂ ಎಷ್ಟು ಮಧ್ಯಾಹ್ನ ಬೇಕೋ ಅಷ್ಟೂ ಹೀಗೇ ನಿಲ್ತೀನಿ. ಆದ್ರೆ ಕ್ಷಮೆ ಕೇಳಲ್ಲ. ಈ ಕೈಯನ್ನ ಇನ್ನು ಮೇಜಿನ ಕೆಳಗೂ ಇಡಲ್ಲ."

ಮಿಸ್ ಹಾರ್ಗ್ರೋವ್ ಕೈ ನೋಡಿದಳು. ತನ್ನ ಕೈ ನೋಡಿಕೊಂಡಳು. ಯಾಕೋ ಅದನ್ನು ಮಡಿಲಿಗೆ ಇಳಿಸಿದಳು.

"ಇನ್ನೂ ಬಹಳ ಮಧ್ಯಾಹ್ನ ಬೇಕು," ಎಂದರು ಪ್ರೊಫೆಸರರು ನಿಯಮದ ಹಾಳೆ ತಿರುವಿ. "ಅದೇ ಡಾಕ್ಟರ ಹಿಂದೆ ಆದ್ರೆ ಒಳ್ಳೇದು. ಏನು ಡಾಕ್ಟರ್? ಹಾಲಿಸನಿಗೆ ಬೆನ್ನು ಕೊಟ್ಟಿದ್ದೀರಿ. ಇವಳಿಗೆ ಇಲ್ಲ ಅಂತೀರಾ?"

ಡಾಕ್ಟರು ಇಲ್ಲ ಎನ್ನಲು ಬಾಯಿ ತೆರೆದರು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಬಾಯಿ ಮುಚ್ಚಿದರು.

ಹೊರಗೆ ಹಾಲಿಸ್ ಹಿಂದೆ ಓಡಿಬಂದು ಪೆನ್ನು ಕೊಟ್ಟ. ಅವನ ಮುಖ ಸಪ್ಪಗಿತ್ತು. "ನಾನು ಜೀವನದಲ್ಲಿ ಮೊದಲ ಸಲ ಒಂದು ಕೆಲಸ ಮಾಡ್ದೆ. ಅದನ್ನೇ ಹೊಡೆದು ಹಾಕಿದ್ರು."

"ಬಾರಪ್ಪ," ಎಂದಳು ಜೆರೂಷಾ, "ನಮ್ಮ ಸಾಲಿಗೆ. ಇಲ್ಲಿ ಜಾಗ ಬೇಕಾದಷ್ಟಿದೆ."

ಮುಂದಿನ ಗುರುವಾರ ಆರೈಕೆ ಮನೆಯಲ್ಲಿ ಹಬ್ಬದ ಕಳೆ. ಮುದುಕಿಯರು ತಲೆ ಬಾಚಿಸಿಕೊಂಡು ಭಾನುವಾರದ ಟೋಪಿ ಇಟ್ಟುಕೊಂಡಿದ್ದರು. ತನಗೂ ಬೆನ್ನು ನೋಯುತ್ತಿದೆ, ತನ್ನನ್ನೂ ಡಾಕ್ಟರೇ ತಿರುಗಿಸಬೇಕು ಎಂದು ಒಬ್ಬೊಬ್ಬರೂ ಮೇಲ್ವಿಚಾರಕಿಗೆ ಹೇಳಿಟ್ಟಿದ್ದರು. ಬೆನ್ನೇ ನೋಯದವರೂ ಹೇಳಿಟ್ಟಿದ್ದರು.

ಡಾಕ್ಟರು ಬಂದರು. ಟೈ ಕಟ್ಟಿರಲಿಲ್ಲ. ಬಾಗಿಲಲ್ಲಿ ನಿಲ್ಲದೆ ಮಂಚದವರೆಗೆ ನಡೆದರು. ಅಂಗಿಯ ತೋಳು ಮಡಿಸಿದರು. ಡೀಕನರ ಆ ದೊಡ್ಡ ದೇಹವನ್ನು ಮೇಲಿನಿಂದ ಕೆಳಗೆ ನೋಡಿದರು. ಹಿಂದೆ ತಿರುಗಿದರು. ಅಲ್ಲಿ ಗಂಜಿ ಹಾಕಿದ ಬಿಳಿ ಉಡುಪು, ಬಿಳಿ ಕೈಗವಸು, ಬೆನ್ನ ಹಿಂದೆ ಒಂದು ಮುಷ್ಟಿ.

"ಎಲ್ಲಿಂದ ಹಿಡೀಬೇಕು?" ಎಂದರು ಮೆಲ್ಲಗೆ.

ನೆರಳು ಮಾತಾಡಲಿಲ್ಲ.

ಮಾತಾಡಿದವರು ಡೀಕನ್. "ಮೊದಲು ಕೈ ಉಜ್ಜಿ ಬೆಚ್ಚಗೆ ಮಾಡ್ಕೋ, ಮಗಾ."